474 ಕೋಟಿಯ ಗಣಪತಿ, ನಾಲ್ಕೂವರೆ ಮೀಟರಿನ ಕಡಲು

ಮುಂಬಯಿಯ ಪೇಪರು ಅಂಕಿ ಇಲ್ಲದೆ ಬಾಯಿಯೇ ಬಿಡುವುದಿಲ್ಲ. ನಟ ಮನೆ ಕೊಂಡರೆ ಕೋಟಿ, ಸಿನಿಮಾ ಓಡಿದರೆ ಕೋಟಿ, ಗಣಪತಿ ಕೂತರೂ ಕೋಟಿ. ಮಳೆಗೆ ಮಿಲಿಮೀಟರ್, ಕಡಲಿಗೆ ಮೀಟರ್, ಕೆರೆಗೆ ಶೇಕಡಾ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮಾಣಿ ಇಡ್ಲಿ ತರುವುದರೊಳಗೆ ಒಂದೇ ಪೇಪರು ಬಿಡಿ ಹಾಳೆಗಳಾಗಿ ನಾಲ್ಕು ಮೇಜು ಸುತ್ತಿರುತ್ತದೆ. ಸಿನಿಮಾದ ಹಾಳೆ ಒಬ್ಬರ ಕೈಲಿ, ಊರಿನ ಸುದ್ದಿಯ ಹಾಳೆ ಇನ್ನೊಬ್ಬರ ಕೈಲಿ. ಯಾವ ಹಾಳೆ ಸಿಕ್ಕರೂ ಆಟ ಒಂದೇ. ದೊಡ್ಡ ಅಂಕಿ ತಲೆಬರಹದಲ್ಲಿ ಕುಣಿಯುತ್ತದೆ, ಅದನ್ನು ಎಲ್ಲಿಂದ ಅಳೆದದ್ದು, ಅದರಲ್ಲಿ ಏನೇನು ಸೇರಿದೆ ಎಂಬುದು ಕೊನೆಯ ಪ್ಯಾರಾದಲ್ಲಿ ಮುದುಡಿಕೊಂಡಿರುತ್ತದೆ. ಅಷ್ಟರಲ್ಲಿ ಸಾಂಬಾರ್ ಬಂದಿರುತ್ತದೆ.

ಮೊದಲ ಪೂಜೆ ಗಣಪತಿಗೇ ಸಲ್ಲಲಿ. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಸೇವಾ ಮಂಡಲದ ಗಣಪತಿ ಐದೇ ದಿನ ಕೂರುವವನು, ಆದರೆ ದೇಶದ ಪೇಪರುಗಳಲ್ಲೆಲ್ಲ ಅವನ ಹೆಸರು ಬರುವುದು ವಿಮೆಯ ಕಾರಣಕ್ಕೆ. 2025ರಲ್ಲಿ ಆ ಮೊತ್ತ 474.46 ಕೋಟಿ. ತಲೆಬರಹ ಓದಿ ಊರಿನವರು ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ: "ಹೌದಾ ಮಾರಾಯ್ರೆ, ನಾನೂರು ಕೋಟಿಯ ಬಂಗಾರವಂತೆ?" ಅಲ್ಲ ಮಾರಾಯ್ರೆ. ಬಂಗಾರ, ಬೆಳ್ಳಿ, ಒಡವೆಗೆ ಮಾಡಿಸಿದ್ದು 67.03 ಕೋಟಿಯ ವಿಮೆ. ಏಳರಲ್ಲಿ ಒಂದು ಪಾಲು. 375 ಕೋಟಿ ಇರುವುದು ಮನುಷ್ಯರ ಮೇಲೆ: ಸ್ವಯಂಸೇವಕರು, ಅರ್ಚಕರು, ಅಡುಗೆ ಭಟ್ಟರು, ಪಾರ್ಕಿಂಗ್ ನೋಡುವವರು, ಕಾವಲಿನವರು, ಇವರೆಲ್ಲರ ವೈಯಕ್ತಿಕ ಅಪಘಾತ ವಿಮೆ. ಜನಸಂದಣಿಯಲ್ಲಿ ಭಕ್ತರಿಗೇನಾದರೂ ಆದರೆ ಎಂದು ಸಾರ್ವಜನಿಕ ಹೊಣೆಯ ವಿಮೆ 30 ಕೋಟಿ, ಬೆಂಕಿ ಮುಂತಾದ ಆಪತ್ತಿಗೆ 2 ಕೋಟಿ, ಉತ್ಸವದ ಜಾಗಕ್ಕೆ 43 ಲಕ್ಷ. ಕೂಡಿಸಿ ನೋಡಿ, ತಾಳೆಯಾಗುತ್ತದೆ.

ಹಿಂದಿನ ವರ್ಷದ ಲೆಕ್ಕ ಪಕ್ಕಕ್ಕಿಟ್ಟರೆ ಇನ್ನೂ ಸ್ವಾರಸ್ಯ. 2024ರಲ್ಲಿ ಒಟ್ಟು 400.58 ಕೋಟಿ. ಒಡವೆಯ ಪಾಲು ಆಗ 43.15 ಕೋಟಿ, ಜನರ ಪಾಲು 325 ಕೋಟಿ, ಉಳಿದದ್ದು ಹಾಗೆ ಹಾಗೆಯೇ. ಒಂದೇ ವರ್ಷದಲ್ಲಿ ಏರಿದ 74 ಕೋಟಿಯಲ್ಲಿ 50 ಕೋಟಿ ಕೆಲಸ ಮಾಡುವವರ ವಿಮೆಗೆ ಹೋಗಿದೆ. ಮಿಕ್ಕ 24 ಕೋಟಿ ಒಡವೆಯ ಲೆಕ್ಕಕ್ಕೆ ಸೇರಿತು. ಆ ವರ್ಷ ಚಿನ್ನದ ದರ ಏರಿದ ಪರಿ ನೋಡಿದವರಿಗೆ ಅದೇನೂ ಆಶ್ಚರ್ಯವಲ್ಲ. ಇನ್ನೊಂದು ಮಾತು, ಇದು ವಿಮಾ ಮೊತ್ತ, ಅಂದರೆ ಅನಾಹುತವಾದರೆ ಕಂಪನಿ ಕೊಡಬೇಕಾದ ಗರಿಷ್ಠ. ಮಂಡಲ ಕಟ್ಟುವುದು ಅದರ ಕಂತನ್ನು ಮಾತ್ರ, ಅದೂ ಕೆಲವೇ ದಿನದ ಮಟ್ಟಿಗೆ. ಇದು ಗೊತ್ತಿಲ್ಲದೆ "ಇಷ್ಟು ಹಣದಲ್ಲಿ ಎಷ್ಟು ಶಾಲೆ ಕಟ್ಟಬಹುದಿತ್ತು" ಎಂದು ವಾಟ್ಸಾಪಿನಲ್ಲಿ ಕಣ್ಣೀರು ಹಾಕುವವರು ಪ್ರತಿ ಚೌತಿಗೂ ಹುಟ್ಟಿಕೊಳ್ಳುತ್ತಾರೆ. ಇರದ ಹಣದಲ್ಲಿ ಶಾಲೆ ಕಟ್ಟುವುದು ಹೇಗೆ? ನನಗಂತೂ "ಬಂಗಾರದ ಗಣಪತಿ" ಅನ್ನುವ ಬದಲು "ಅಡುಗೆ ಭಟ್ಟರಿಗೂ ವಿಮೆ ಮಾಡಿಸುವ ಗಣಪತಿ" ಎಂದು ತಲೆಬರಹ ಕೊಟ್ಟಿದ್ದರೆ ಖುಷಿಯಾಗುತ್ತಿತ್ತು. ಬಿಸಿ ಎಣ್ಣೆ, ಕೊಪ್ಪರಿಗೆ, ಸಾವಿರಗಟ್ಟಲೆ ಎಲೆಯ ಊಟ. ಅಪಾಯ ಇರುವುದು ಅಲ್ಲೇ ತಾನೆ.

ಸಿನಿಮಾದ ಕೋಟಿಗೂ ಹೀಗೆಯೇ ಪದರಗಳಿವೆ, ಆದರೆ ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಲೆಕ್ಕ ಟಿಕೆಟಿನಿಂದಲೇ ಶುರುವಾಗಬೇಕು. ಮುಲುಂಡಿನ ಮಲ್ಟಿಪ್ಲೆಕ್ಸಿನಲ್ಲಿ 300 ರೂಪಾಯಿಯ ಟಿಕೆಟ್ ಇದೆ ಎಂದಿಟ್ಟುಕೊಳ್ಳಿ. ನೂರು ರೂಪಾಯಿ ಮೀರಿದ ಟಿಕೆಟಿಗೆ ಜಿಎಸ್‌ಟಿ ಶೇ. 18, ನೂರರೊಳಗಿನದಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ. 5. ತೆರಿಗೆ ಟಿಕೆಟಿನ ಬೆಲೆಯೊಳಗೇ ಇರುವುದರಿಂದ 300ನ್ನು 1.18ರಿಂದ ಭಾಗಿಸಬೇಕು. ಸಿಗುವುದು 254. ಮುನ್ನೂರು ಅಂದರೆ ಗ್ರಾಸ್, ಇನ್ನೂರ ಐವತ್ನಾಲ್ಕು ಅಂದರೆ ನೆಟ್. ಆ್ಯಪಿನಲ್ಲಿ ಕೊಟ್ಟ ಕನ್ವೀನಿಯನ್ಸ್ ಫೀ ಇದರಲ್ಲಿ ಬರುವುದಿಲ್ಲ, ಪಾಪ್‌ಕಾರ್ನ್ ಅಂತೂ ಇಲ್ಲವೇ ಇಲ್ಲ. ಈ ನೆಟ್‌ನಲ್ಲಿ ವಿತರಕನಿಗೆ ಸೇರುವುದಷ್ಟೇ ಶೇರ್. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ನವರಿಗೂ ಜಗಳ ಹತ್ತಿ ಎರಡು ತಿಂಗಳು ದೊಡ್ಡ ಚಿತ್ರಗಳೇ ಬಿಡುಗಡೆಯಾಗದೆ ಕೊನೆಗೆ ಆದ ಒಪ್ಪಂದದ ಸೂತ್ರ ಹೀಗಿದೆ: ಮೊದಲ ವಾರ ಶೇ. 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಅಂದರೆ ನಮ್ಮ 300 ರೂಪಾಯಿಯಲ್ಲಿ ಮೊದಲ ವಾರ ವಿತರಕನಿಗೆ 127, ನಾಲ್ಕನೇ ವಾರ 76.

ನಿರ್ಮಾಪಕರು ಮೊದಲ ಮೂರು ದಿನಕ್ಕೆ ಅಷ್ಟು ಹಾತೊರೆಯುವುದು ಯಾಕೆ ಎಂದು ಈಗ ಗೊತ್ತಾಗಬೇಕು. ಒಂದೇ ಟಿಕೆಟು ಒಂದು ತಿಂಗಳು ತಡವಾಗಿ ಹರಿದರೆ ಅವರ ಪಾಲಿನಲ್ಲಿ ಐವತ್ತು ರೂಪಾಯಿ ಖೋತಾ. "ನಿಧಾನವಾಗಿ ಬಾಯಿಮಾತಿನಿಂದ ಗೆಲ್ಲುವ ಚಿತ್ರ" ಎಂದು ವಿಮರ್ಶಕರು ಹೊಗಳಿದರೆ ಚಿತ್ರಮಂದಿರದವನು ಸಂತೋಷಪಡಬೇಕು, ನಿರ್ಮಾಪಕನಲ್ಲ. ಮತ್ತೆ "ನೂರು ಕೋಟಿ ಕ್ಲಬ್" ಅಂದಾಗ ಮೊದಲು ಕೇಳಬೇಕಾದ್ದು, ಯಾವ ನೂರು? ದೇಶದೊಳಗಿನ ನೂರು ಕೋಟಿ ಗ್ರಾಸ್ ಆಗಿದ್ದರೆ ನೆಟ್ ಸುಮಾರು 85, ವಾರಗಳ ಸರಾಸರಿ ಹಿಡಿದು ವಿತರಕನ ಕೈಗೆ ಬರುವುದು 40ರ ಆಸುಪಾಸು. ಪೋಸ್ಟರಿನಲ್ಲಿ "ವರ್ಲ್ಡ್‌ವೈಡ್" ಎಂದು ಇದ್ದರೆ ಅದು ಗ್ರಾಸ್ ಎಂದೇ ತಿಳಿಯಬೇಕು. ನೆಟ್ ಹಾಕಿ ಪೋಸ್ಟರ್ ಮಾಡಿಸುವಷ್ಟು ವಿನಯ ಈ ಧಂದೆಯಲ್ಲಿ ಇಲ್ಲ.

ಕನ್ನಡಿಗರು ಗಮನಿಸಬೇಕಾದ ಇನ್ನೊಂದು ತಮಾಷೆ ಹಿಂದಿ ಚಿತ್ರಗಳ ವಿತರಣೆಯ ನಕಾಶೆಯಲ್ಲಿದೆ. ಚಿತ್ರ ಹಂಚುವ ವಲಯಕ್ಕೆ ಅವರು ಸರ್ಕಿಟ್ ಎನ್ನುತ್ತಾರೆ. "ಬಾಂಬೆ ಸರ್ಕಿಟ್‌ನಲ್ಲಿ ಭರ್ಜರಿ ಗಳಿಕೆ" ಎಂದರೆ ಅಂಧೇರಿ, ಥಾಣೆ ಮಾತ್ರ ಎಂದುಕೊಳ್ಳಬೇಡಿ. ಗುಜರಾತ್, ಗೋವಾ ಅದರಲ್ಲೇ ಸೇರಿವೆ, ಬೆಳಗಾವಿ, ಹುಬ್ಬಳ್ಳಿ ಕಡೆಯೂ ಅದರಲ್ಲೇ. ಕಲಬುರಗಿ, ಬೀದರ್, ರಾಯಚೂರು ನಿಜಾಮ್ ಸರ್ಕಿಟ್. ಮಿಕ್ಕಿದ್ದಷ್ಟೇ ಮೈಸೂರು. 1956ರ ನವೆಂಬರ್ ಒಂದಕ್ಕೆ ನಾಡು ಒಂದಾಯಿತು, ಅದರ ಸುದ್ದಿ ಸಿನಿಮಾ ಹಂಚುವವರ ಆಫೀಸಿಗೆ ಇನ್ನೂ ತಲುಪಿಲ್ಲ. ರಾಜ್ಯೋತ್ಸವದ ಭಾಷಣಗಳಲ್ಲಿ ಯಾರೂ ಇದನ್ನು ಎತ್ತಿದ್ದು ಕಾಣೆ. ಧಾರವಾಡದಲ್ಲಿ ಕೂತು ಹಿಂದಿ ಸಿನಿಮಾ ನೋಡಿದವನ ದುಡ್ಡು ಲೆಕ್ಕದಲ್ಲಿ ಈಗಲೂ ಮುಂಬಯಿಯ ಗೆಲುವು.

ಇತ್ತ ಮುಂಬಯಿಯಲ್ಲಿ ಕೂತು ಕನ್ನಡ ಸಿನಿಮಾವನ್ನು ಕನ್ನಡದಲ್ಲೇ ನೋಡಬೇಕೆಂದರೆ ಅದಕ್ಕೊಂದು ಕ್ರಮ ಬೇಕು. ದೊಡ್ಡ ಚಿತ್ರವಾದರೆ ಐದು ಭಾಷೆಯಲ್ಲಿ ಬಂದಿರುತ್ತದೆ. ಆ್ಯಪಿನಲ್ಲಿ ಚಿತ್ರದ ಹೆಸರು ಒತ್ತಿದ ಕೂಡಲೇ ಎದುರಿಗೆ ಬರುವ ಶೋಗಳೆಲ್ಲ ಹಿಂದಿಯವು. ಭಾಷೆಯ ಜಾಗದಲ್ಲಿ ಕನ್ನಡ ಎಂದು ಬದಲಿಸಿ, ಟಿಕೆಟಿಗೆ ಹಣ ಕಟ್ಟುವ ಮೊದಲಿನ ಪರದೆಯಲ್ಲಿ ಮತ್ತೊಮ್ಮೆ ಭಾಷೆ ನೋಡಬೇಕು. ಇಲ್ಲವಾದರೆ ಕುಂದಾಪುರದ ಅಜ್ಜಿ ಕಾನ್ಪುರದ ಹಿಂದಿ ಮಾತಾಡುವುದನ್ನು ಎರಡೂವರೆ ಗಂಟೆ ಸಹಿಸಬೇಕಾಗುತ್ತದೆ. ಶುಕ್ರವಾರದ ಪಟ್ಟಿ ತುಂಬುವುದು ಬುಧವಾರ ಸಂಜೆಯ ಮೇಲೆ. ಅದಕ್ಕೂ ಮುಂಚೆ ನೋಡಿ "ಕನ್ನಡ ಶೋ ಇಲ್ಲವಂತೆ" ಎಂದು ಸಂಘದ ಗುಂಪಿನಲ್ಲಿ ಗೋಳಾಡುವುದು ಅವಸರ. ಸಣ್ಣ ಚಿತ್ರಕ್ಕೆ ಸಿಗುವುದು ಬೆಳಿಗ್ಗೆ ಒಂಬತ್ತೂವರೆ ಅಥವಾ ರಾತ್ರಿ ಹತ್ತೂಮುಕ್ಕಾಲು, ಅದೂ ಇಡೀ ಮಹಾನಗರದಲ್ಲಿ ಮೂರೋ ನಾಲ್ಕೋ ಕಡೆ. ಭಾನುವಾರದ ತನಕ ಸೀಟು ತುಂಬದಿದ್ದರೆ ಸೋಮವಾರದ ಪಟ್ಟಿಯಲ್ಲಿ ಆ ಶೋ ಕಾಣೆ. ಹಾಗಾಗಿ ಗುಂಪಾಗಿ ಹೋಗುವವರಿದ್ದರೆ ಎರಡನೇ ವಾರಕ್ಕೆ ಇಟ್ಟುಕೊಳ್ಳಬಾರದು. ಮುಂಬಯಿಯ ಕನ್ನಡ ಸಿನಿಮಾಕ್ಕೆ ಎರಡನೇ ವಾರ ಎಂಬುದು ಹೆಚ್ಚಿನ ಸಲ ಇರುವುದೇ ಇಲ್ಲ.

ನಟರ ಮನೆಯ ಸುದ್ದಿಗೆ ಹೆಚ್ಚು ಹೊತ್ತು ಬೇಡ. ಬಾಂದ್ರಾದಲ್ಲೋ ಜುಹೂವಿನಲ್ಲೋ ಯಾರೋ ಮನೆ ಕೊಂಡರು, ಇಷ್ಟು ಲಕ್ಷ ಸ್ಟಾಂಪ್ ಡ್ಯೂಟಿ, 30 ಸಾವಿರ ನೋಂದಣಿ ಶುಲ್ಕ ಎಂದು ವಾರಕ್ಕೊಮ್ಮೆ ಬರುತ್ತದೆ. ಮುಂಬಯಿಯಲ್ಲಿ ಸ್ಟಾಂಪ್ ಡ್ಯೂಟಿ ಶೇ. 6. ಹೆಂಗಸಿನ ಹೆಸರಲ್ಲಿ ಮಾತ್ರ ಕೊಂಡರೆ ಶೇ. 5. ಹತ್ತು ಕೋಟಿಯ ಮನೆಗೆ ಹತ್ತು ಲಕ್ಷದ ಉಳಿತಾಯ, ಹೀಗಾಗಿ ಎಷ್ಟೋ ಮನೆಗಳು ಹೆಂಡತಿಯ, ಅಮ್ಮನ ಹೆಸರಿಗೆ ಆಗುತ್ತವೆ. ಸುದ್ದಿಯಲ್ಲಿ ಇದನ್ನು ಪ್ರೀತಿಯ ಉಡುಗೊರೆ ಎಂದು ಬರೆದಿರುತ್ತಾರೆ. ಥಾಣೆಗೆ ಬಂದರೆ ಅದೇ ಡ್ಯೂಟಿ ಶೇ. 7. ಬಾಂದ್ರಾದವನಿಗಿಂತ ಥಾಣೆಯವನಿಗೆ ಒಂದು ಜಾಸ್ತಿ! ನೋಂದಣಿ ಶುಲ್ಕ ಮಾತ್ರ ಶೇ. 1, ಆದರೆ 30 ಸಾವಿರಕ್ಕೆ ಮೀರುವಂತಿಲ್ಲ. ಹಾಗಾಗಿ 30 ಲಕ್ಷದ ಒನ್ ರೂಮ್ ಕಿಚನ್ನಿಗೂ ನೂರು ಕೋಟಿಯ ಬಂಗಲೆಗೂ ಒಂದೇ 30 ಸಾವಿರ. ನಮ್ಮಂಥವರಿಗೆ ಸಿನಿಮಾ ತಾರೆಯರ ಜತೆ ಇರುವ ಸಮಾನತೆ ಇಷ್ಟೇ.

ಬಾಡಿಗೆಯ ವಿಷಯದಲ್ಲಿ ಮಾತ್ರ ನಟರ ಸುದ್ದಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅವರು ಲೀವ್ ಅಂಡ್ ಲೈಸನ್ಸ್ ಕರಾರನ್ನು ನೋಂದಣಿ ಮಾಡಿಸುತ್ತಾರೆ. ಬೆಂಗಳೂರಿನಿಂದ ಬಂದವರು ಹನ್ನೊಂದು ತಿಂಗಳಿನ ಕರಾರಿಗೆ ನೋಂದಣಿ ಬೇಡ ಎಂದು ನಂಬಿಕೊಂಡು ಬರುತ್ತಾರೆ. ಮಹಾರಾಷ್ಟ್ರದಲ್ಲಿ ಆ ಆಟ ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನ ಪ್ರಕಾರ ಎಷ್ಟು ತಿಂಗಳಾದರೂ ಬರವಣಿಗೆಯಲ್ಲಿರಬೇಕು, ನೋಂದಣಿ ಆಗಬೇಕು, ಅದು ಮನೆಯ ಮಾಲೀಕನ ಹೊಣೆ. ನೋಂದಣಿ ಇಲ್ಲದೆ ತಕರಾರು ಎದ್ದರೆ ಬಾಡಿಗೆಯವನು ಹೇಳಿದ ಷರತ್ತೇ ನಿಜ ಎಂದು ಮೊದಲಿಗೆ ಹಿಡಿಯಲಾಗುತ್ತದೆ. ಖರ್ಚೇನು ದೊಡ್ಡದಲ್ಲ. ತಿಂಗಳಿಗೆ 40 ಸಾವಿರ ಬಾಡಿಗೆ, ಎರಡು ಲಕ್ಷ ಡಿಪಾಸಿಟ್, ಹನ್ನೊಂದು ತಿಂಗಳು ಎಂದರೆ ಬಾಡಿಗೆ 4.40 ಲಕ್ಷ, ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರ ಲೆಕ್ಕದಲ್ಲಿ ಬಡ್ಡಿ ಸುಮಾರು 18,300. ಎರಡೂ ಕೂಡಿದ್ದರ ಮೇಲೆ ಶೇ. 0.25. ಹನ್ನೊಂದೂವರೆ ನೂರಕ್ಕೆ ಮುಗಿಯಿತು, ಜತೆಗೆ ಸಾವಿರ ರೂಪಾಯಿ ನೋಂದಣಿ ಶುಲ್ಕ. ಏಜೆಂಟ್ ಹೇಳುವ ಐದಾರು ಸಾವಿರದಲ್ಲಿ ಉಳಿದದ್ದು ಅವನ ಚಹಾಪಾನಿ.

ಇನ್ನು ಮಳೆ. ಇಲ್ಲಿ ನಿಧಾನವಾಗಿ ಓದಬೇಕು, ಯಾಕೆಂದರೆ ಕೋಟಿಯ ಅಂಕಿ ತಪ್ಪಾಗಿ ಓದಿದರೆ ನಷ್ಟವೇನೂ ಇಲ್ಲ, ಮಳೆಯ ಅಂಕಿ ತಪ್ಪಾಗಿ ಓದಿದರೆ ಸೊಂಟದವರೆಗೆ ನೀರು.

ಪೇಪರಿನಲ್ಲಿ ಬರುವ ಮಳೆ ಎರಡು ಕಡೆಯದು, ಕೊಲಾಬಾ ಮತ್ತು ಸಾಂತಾಕ್ರೂಜ್. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಮರುದಿನ ಎಂಟೂವರೆಗೆ ಮುಗಿಯುತ್ತದೆ. ಹಾಗಾಗಿ ಕಿಟಕಿಯಾಚೆ ಈಗ ಸುರಿಯುತ್ತಿರುವ ಮಳೆಗೂ ಕೈಲಿರುವ ಪೇಪರಿಗೂ ಸಂಬಂಧವಿಲ್ಲ. ಎರಡು ಮಾಪನ ಕೇಂದ್ರಗಳ ನಡುವೆ ಎಷ್ಟು ವ್ಯತ್ಯಾಸ ಆಗಬಹುದು ಎಂಬುದಕ್ಕೆ 2005ರ ಜುಲೈ 26 ಸಾಕು. ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ ಸುಮಾರು 74. ಒಂದೇ ಊರು, ಒಂದೇ ದಿನ. ದಕ್ಷಿಣದ ಆಫೀಸಿನಲ್ಲಿ ಕೂತವರಿಗೆ ಮನೆಯ ಕಡೆ ಏನಾಗುತ್ತಿದೆ ಎಂಬುದೇ ಗೊತ್ತಾಗಲಿಲ್ಲ.

ಮಿಲಿಮೀಟರ್ ಎಂಬ ಸಣ್ಣ ಮಾತನ್ನು ಲೀಟರಿಗೆ ತಂದುಕೊಂಡರೆ ತಲೆಗೆ ಹತ್ತುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಟೆರೇಸ್ ಮೇಲೆ ನೂರು ಮಿಲಿಮೀಟರ್ ಅಂದರೆ ಹತ್ತು ಸಾವಿರ ಲೀಟರ್, ಬೇಸಿಗೆಯಲ್ಲಿ ಸೊಸೈಟಿಯವರು ದುಡ್ಡು ಕೊಟ್ಟು ತರಿಸುವ ಒಂದು ಟ್ಯಾಂಕರ್. ಮುನ್ನೂರು ಚದರ ಮೀಟರಿನ ಟೆರೇಸಿಗೆ ಮೂರು ಟ್ಯಾಂಕರ್. ಆ ಜುಲೈ 26ರಂದು ಸಾಂತಾಕ್ರೂಜಿನ ಅಂಥ ಒಂದೊಂದು ಕಟ್ಟಡದ ತಲೆಯ ಮೇಲೂ ಇಪ್ಪತ್ತೆಂಟು ಟ್ಯಾಂಕರ್ ನೀರು ಬಿತ್ತು ಎಂದಾಯಿತು.

ಇಲಾಖೆಯ ಭಾಷೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.5ಕ್ಕೆ ಹೋದರೆ ಅತ್ಯಧಿಕ. ಆದರೆ ಇವೆಲ್ಲ ಇಪ್ಪತ್ನಾಲ್ಕು ಗಂಟೆಯ ಲೆಕ್ಕ. ಊರು ಮುಳುಗುವುದು ಗಂಟೆಯ ಲೆಕ್ಕದಲ್ಲಿ. ಬ್ರಿಟಿಷರ ಕಾಲದ ಮಳೆನೀರ ಚರಂಡಿಗಳಿಗೆ ಗಂಟೆಗೆ 25 ಮಿಲಿಮೀಟರ್ ತಡೆಯುವ ಶಕ್ತಿ, ಅದೂ ಕಡಲು ಇಳಿದಿದ್ದಾಗ. ಚರಂಡಿ ಸುಧಾರಣೆಯ ಬ್ರಿಮ್‌ಸ್ಟೋವ್ಯಾಡ್ ಯೋಜನೆಯಲ್ಲಿ ಅದನ್ನು 50ಕ್ಕೆ ಏರಿಸುವ ಗುರಿ. ಇಡೀ ದಿನ ಜಿಟಿಜಿಟಿಯಾಗಿ 120 ಮಿಲಿಮೀಟರ್ ಬಿದ್ದರೆ ಗಂಟೆಗೆ ಐದು, ಛತ್ರಿ ಒದ್ದೆಯಾಗುತ್ತದೆ ಅಷ್ಟೇ. ಅದೇ 120 ಮಧ್ಯಾಹ್ನ ಎರಡು ಗಂಟೆಯಲ್ಲಿ ಸುರಿದರೆ ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಮುಂದೆ ಬಸ್ಸಿನ ಮೆಟ್ಟಿಲವರೆಗೆ ನೀರು. ಎರಡೂ ದಿನ ಪೇಪರಿನ ಅಂಕಿ ಒಂದೇ.

ಈಗ ಕಡಲಿಗೆ ಬರೋಣ. "ಇಂದು 4.6 ಮೀಟರ್ ಎತ್ತರದ ಅಲೆಗಳು" ಎಂದು ಟೀವಿಯವರು ಕೂಗುವುದು ಶುದ್ಧ ತಪ್ಪು. ಅದು ಅಲೆಯ ಎತ್ತರವಲ್ಲ, ಭರತದ, ಅಂದರೆ ಕಡಲಿನ ಉಬ್ಬರದ ಮಟ್ಟ. ಅದನ್ನು ಅಳೆಯುವುದು ಕಡಲು ಅತಿ ಹೆಚ್ಚು ಇಳಿದಾಗಿನ ಮಟ್ಟದಿಂದ. ಮುಂಬಯಿಯಲ್ಲಿ ಸರಾಸರಿ ಕಡಲಮಟ್ಟವೇ ಅಲ್ಲಿಂದ ಸುಮಾರು ಎರಡೂವರೆ ಮೀಟರ್ ಮೇಲಿದೆ. ಆದ್ದರಿಂದ 4.6 ಎಂದರೆ ಸರಾಸರಿಗಿಂತ ಎರಡು ಮೀಟರ್ ಏರಿಕೆ. ಅಲೆ ಅದರ ಮೇಲೆ ಬೇರೆ. ಮರೀನ್ ಡ್ರೈವಿನಲ್ಲಿ ಸೆಲ್ಫಿ ತೆಗೆಯುವವರಿಗೆ ಈ ವ್ಯತ್ಯಾಸ ಬೇಕಿಲ್ಲ, ತಗ್ಗಿನಲ್ಲಿರುವ ಹಿಂದಮಾತಾದಲ್ಲಿ ಮನೆ ಇರುವವರಿಗೆ ಬೇಕು. ಊರಿನ ಮಳೆನೀರು ಕಡಲಿಗೆ ಬೀಳುವ ಬಾಯಿಗಳು 186. ಅವುಗಳಲ್ಲಿ 45 ಸರಾಸರಿ ಕಡಲಮಟ್ಟಕ್ಕಿಂತಲೂ ಕೆಳಗಿವೆ. 135 ಸರಾಸರಿಗಿಂತ ಮೇಲಿದ್ದರೂ ಭರತದ ಮಟ್ಟಕ್ಕಿಂತ ಕೆಳಗೆ. ಭರತದಲ್ಲೂ ಬಾಯಿ ತೆರೆದಿರುವುದು ಬರೀ ಆರು.

ಭರತ ಏರಿದಾಗ ಕಡಲ ನೀರು ಒಳಗೆ ನುಗ್ಗದಂತೆ ಗೇಟು ಮುಚ್ಚಬೇಕು. ಮುಚ್ಚಿದರೆ ಮಳೆಯ ನೀರಿಗೂ ದಾರಿ ಇಲ್ಲ. ಆಗ ಪಂಪು ಬೇಕು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್, ಬ್ರಿಟಾನಿಯಾ, ಗಜ್ದರ್‌ಬಂದ್, ಈ ಆರು ಕಡೆ ಪಂಪಿಂಗ್ ಸ್ಟೇಷನ್‌ಗಳಿವೆ, ಒಂದೊಂದು ಪಂಪು ಸೆಕೆಂಡಿಗೆ ಆರು ಸಾವಿರ ಲೀಟರ್ ಎತ್ತಿ ಹಾಕುವಂಥದು. ಮಾಟುಂಗ, ಸಯನ್, ವಡಾಲಾದ ನೀರಿಗೆ ದಾರಿಯಾಗಬೇಕಿದ್ದ ಮಾಹುಲ್ ಸ್ಟೇಷನ್ ಉಪ್ಪಿನ ಗದ್ದೆಯ ಜಾಗದ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿತು. ನಮ್ಮವರ ಹೋಟೆಲುಗಳಿಗೆ ಯಾಕೆ ಪ್ರತಿ ವರ್ಷ ನೀರು ನುಗ್ಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ಗದ್ದೆಯಲ್ಲಿದೆ.

ಪೇಪರಿನ ಮೂಲೆಯಲ್ಲಿ ಭರತದ ಹೊತ್ತು ಹಾಕಿರುತ್ತಾರೆ. ಸಿಗದಿದ್ದರೂ ಚಿಂತೆಯಿಲ್ಲ, ಗೋಡೆಯ ಮೇಲಿನ ಪಂಚಾಂಗ ಸಾಕು. ಕರಾವಳಿಯವರು ಭರತ, ಇಳಿತ ಎನ್ನುವುದನ್ನೇ ಮರಾಠಿಯವರು ಭರತಿ, ಓಹೋಟಿ ಎನ್ನುತ್ತಾರೆ. ಲೆಕ್ಕ ಇಬ್ಬರಿಗೂ ಒಂದೇ ಚಂದ್ರನದು. ಅಮಾಸೆ, ಹುಣ್ಣಿಮೆಯ ಮರುದಿನ ಮತ್ತು ಅದರ ಮರುದಿನ ಭರತ ಅತಿ ದೊಡ್ಡದು, ಮುಂಬಯಿಯಲ್ಲಿ ಅದು ನಡುಹಗಲು ಹನ್ನೆರಡರಿಂದ ಎರಡರೊಳಗೆ ಬರುತ್ತದೆ, ಇನ್ನೊಮ್ಮೆ ನಡುರಾತ್ರಿ. ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಮುಂದೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಭರತವೂ ಸಣ್ಣದು, ಹೊತ್ತೂ ಬೆಳಗು, ಸಂಜೆಯ ಕಡೆ ಸರಿದಿರುತ್ತದೆ. ಹಾಗಾಗಿ ಅಷ್ಟಮಿಯಂದು ಆರೆಂಜ್ ಅಲರ್ಟ್ ಬಂದರೆ ಕಡಲಿನ ಕಡೆಯ ಅಪಾಯವಾದರೂ ಕಡಿಮೆ. ಅಮಾಸೆಯ ಮರುದಿನ ಬೆಳಿಗ್ಗೆ ಹತ್ತಕ್ಕೇ ಕಪ್ಪಾಗಿ ಹಿಡಿದುಕೊಂಡರೆ ಅಲರ್ಟು ಹಳದಿ ಇದ್ದರೂ ಹುಷಾರು. ಭರತದ ಹಿಂದೆ ಮುಂದೆ ಎರಡೆರಡು ಗಂಟೆ ನೀರು ಇಳಿಯುವುದಿಲ್ಲ. ಅಷ್ಟರಲ್ಲಿ ಹೊರಡುವವರು ಒಂದೋ ಹನ್ನೊಂದಕ್ಕೆ ಮೊದಲೇ ಹೊರಡಬೇಕು, ಇಲ್ಲ ನಾಲ್ಕರ ತನಕ ಇದ್ದಲ್ಲೇ ಇರಬೇಕು. ಒಂದೂವರೆಗೆ ಆಫೀಸು ಬೇಗ ಬಿಟ್ಟು ಎಲ್ಲರನ್ನೂ ಒಟ್ಟಿಗೆ ರಸ್ತೆಗೆ ಇಳಿಸುವ ಮ್ಯಾನೇಜರನ ದಯೆಯಷ್ಟು ಅಪಾಯಕಾರಿ ಇನ್ನೊಂದಿಲ್ಲ.

2025ರ ಆಗಸ್ಟ್ 19ರಂದು ಆಗಿದ್ದು ಇಂಥದೇ ಒಂದು ಅಂಕಿಯ ಕತೆ. ಮಳೆಗೆ ಲೋಕಲ್ ರೈಲಿನ ಹಾರ್ಬರ್ ಲೈನ್ ನಿಂತಿತು, ಜನ ಸಿಕ್ಕಿದ್ದಕ್ಕೆ ಹತ್ತಿದರು, ಸಿಕ್ಕಿದ್ದು ಮೊನೊರೈಲು. ಅದು ಚೆಂಬೂರಿನ ಮೈಸೂರು ಕಾಲೊನಿ ಸ್ಟೇಷನ್ನಿನ ಹತ್ತಿರ ಕಂಬದ ಮೇಲೆ ನಿಂತುಬಿಟ್ಟಿತು. ಜನರೂ ಸೇರಿ ಗಾಡಿಯ ಒಟ್ಟು ಭಾರದ ಮಿತಿ 104 ಟನ್, ಅಂದು ಆದದ್ದು 109. ಭಾರಕ್ಕೆ ಕರೆಂಟು ಕೊಡುವ ಹಳಿಗೂ ಅದನ್ನು ಹಿಡಿಯುವ ಭಾಗಕ್ಕೂ ಇದ್ದ ಸಂಪರ್ಕ ತಪ್ಪಿತು. ಕರೆಂಟು ಹೋಯಿತು, ಎಸಿ ನಿಂತಿತು. ಅಗ್ನಿಶಾಮಕದವರು ಏಣಿ ಹಾಕಿ 582 ಮಂದಿಯನ್ನು ಇಳಿಸಿದರು. ಐದು ಟನ್ ಅಂದರೆ ಸರಾಸರಿ 65 ಕಿಲೋದ ಎಪ್ಪತ್ತೇಳು ಜನ. ಲೋಕಲ್ ಗಾಡಿಯಲ್ಲಿ ಎಪ್ಪತ್ತೇಳು ಜನ ಒಂದೇ ಬಾಗಿಲಿನಲ್ಲಿ ಹೆಚ್ಚುವರಿಯಾಗಿ ತೂರಿಕೊಳ್ಳುತ್ತಾರೆ, ಗಾಡಿ ಗೊಣಗುವುದೂ ಇಲ್ಲ. ಮುಂಬಯಿಯ ಜನರಿಗೆ ಗಾಡಿ ಅಂದರೆ ಲೋಕಲ್. ಆ ಅಭ್ಯಾಸವನ್ನು ಸಣ್ಣ ಮೊನೊರೈಲಿನ ಮೇಲೆ ಹೇರಿದ್ದೇ ಅಂದು ಆದ ತಪ್ಪು.

ಕೆರೆಯ ಶೇಕಡಾವನ್ನು ಬೇಗ ಮುಗಿಸುವೆ. ಮುಂಬಯಿಗೆ ನೀರು ಕೊಡುವುದು ಏಳು ಜಲಾಶಯ: ಭಾತ್ಸಾ, ಅಪ್ಪರ್ ವೈತರಣಾ, ಮಿಡ್ಲ್ ವೈತರಣಾ, ಮೋಡಕ್ ಸಾಗರ್, ತಾನ್ಸಾ, ವಿಹಾರ್, ತುಳಸಿ. ಎಲ್ಲ ತುಂಬಿದರೆ 14,47,363 ದಶಲಕ್ಷ ಲೀಟರ್. ಊರಿಗೆ ದಿನಕ್ಕೆ ಬಿಡುವುದು ನಾಲ್ಕು ಸಾವಿರ ದಶಲಕ್ಷಕ್ಕೆ ಸ್ವಲ್ಪ ಕಡಿಮೆ. ಅಂದರೆ ಒಂದು ಶೇಕಡಾ ಎಂದರೆ ಮೂರೂಮುಕ್ಕಾಲು ದಿನದ ನೀರು. ಮೇ ತಿಂಗಳಲ್ಲಿ "ಶೇ. 15 ಮಾತ್ರ" ಎಂದು ಬಂದರೆ ಐವತ್ತೈದು ದಿನ ಇದೆ ಎಂದು ತಿಳಿದು ಬಕೆಟ್ಟನ್ನು ಕೆಳಗಿಡಿ. ಮಳೆಗಾಲದಲ್ಲಿ ಮೊದಲು ಉಕ್ಕಿ ಹರಿದು ಫೋಟೋಗೆ ನಿಲ್ಲುವುದು ಪವಾಯಿ ಕೆರೆ. ಅದು ಈ ಏಳರಲ್ಲಿ ಇಲ್ಲವೇ ಇಲ್ಲ, ಕುಡಿಯುವ ನೀರೂ ಅಲ್ಲ. ಆಮೇಲೆ ಉಕ್ಕುವ ತುಳಸಿಯ ಒಟ್ಟು ಹೊಟ್ಟೆ 8,046 ದಶಲಕ್ಷ ಲೀಟರ್, ಎರಡು ದಿನಕ್ಕೆ ಸರಿ. ಒಟ್ಟು ನೀರಿನ ಅರ್ಧ ಭಾತ್ಸಾದ್ದು, ಅದು ಶಹಾಪುರದ ಕಡೆ ಇದೆ. ಊರಿನೊಳಗೆ ಎಷ್ಟು ಸುರಿದರೂ ಅಲ್ಲಿ ಸುರಿಯದಿದ್ದರೆ ನಲ್ಲಿಯಲ್ಲಿ ಬರುವುದಿಲ್ಲ. ತುಳಸಿ ಉಕ್ಕಿತೆಂದು ಸಂಭ್ರಮಿಸುವುದು ಊಟದ ಎಲೆ ತುಂಬಿದೆ ಎಂದು ಉಪ್ಪಿನಕಾಯಿಯ ಫೋಟೋ ಹಾಕಿದ ಹಾಗೆ.

ಕೊನೆಯದು ಶನಿವಾರದ ಪೇಪರಿನ ಮೂಲೆಯಲ್ಲಿ ಬರುವ ಮೆಗಾಬ್ಲಾಕ್, ಅಂದರೆ ರಿಪೇರಿಗೆಂದು ಭಾನುವಾರ ಲೋಕಲ್ ರೈಲಿನ ಕೆಲವು ಹಳಿಗಳನ್ನು ಮುಚ್ಚುವ ಪ್ರಕಟಣೆ. ಇದರ ಅಂಕಿಗಳು ಯಾರನ್ನೂ ಮೆಚ್ಚಿಸಲು ಹುಟ್ಟಿದವಲ್ಲ, ಹಾಗಾಗಿಯೇ ಇವು ಪೇಪರಿನ ಅತ್ಯಂತ ಪ್ರಾಮಾಣಿಕ ಸಾಲುಗಳು. ಭಾನುವಾರದ ಕನ್ನಡ ಕಾರ್ಯಕ್ರಮಗಳಿಗೆ ಮಾಟುಂಗಕ್ಕೆ ಬರುವವರಿಗಂತೂ ಪಾರಾಯಣ ಮಾಡಬೇಕಾದ ಭಾಗ. ಊರಲ್ಲಿ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನದ ಕಲಾವಿದರು ಮಳೆಗಾಲದಲ್ಲಿ ಇಲ್ಲಿಗೆ ಬರುತ್ತಾರೆ, ಆಟ ಇರುವುದು ಭಾನುವಾರ ಮಧ್ಯಾಹ್ನ, ಮೆಗಾಬ್ಲಾಕ್ ಇರುವುದೂ ಭಾನುವಾರ ಮಧ್ಯಾಹ್ನ. ಮೊದಲು ನೋಡಬೇಕಾದ್ದು ಸಭಾಂಗಣ ಯಾವ ಕಡೆ ಎಂಬುದು. ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಆದರೆ ಸೆಂಟ್ರಲ್ ಲೈನಿನ ಮಾಟುಂಗ ಅಥವಾ ಹಾರ್ಬರಿನ ಕಿಂಗ್ಸ್ ಸರ್ಕಲ್. ಪಶ್ಚಿಮದಲ್ಲಿರುವ ಕರ್ನಾಟಕ ಸಂಘದ ಸಭಾಂಗಣವಾದರೆ ವೆಸ್ಟರ್ನ್ ಲೈನಿನ ಮಾಟುಂಗ ರೋಡ್. ಹೆಸರು ಒಂದೇ ಎಂದು ಇಳಿದು ಪೇಚಾಡುವವರು ಪ್ರತಿ ವಾರ ಇದ್ದೇ ಇರುತ್ತಾರೆ.

ಸೆಂಟ್ರಲ್‌ನಲ್ಲಿ ಬ್ಲಾಕ್ ಹೆಚ್ಚಾಗಿ ಮಾಟುಂಗದಿಂದ ಮುಲುಂಡಿನವರೆಗೆ ಫಾಸ್ಟ್ ಹಳಿಗಳ ಮೇಲೆ, ಬೆಳಿಗ್ಗೆ 11.05ರಿಂದ ಮಧ್ಯಾಹ್ನ 3.55ರ ತನಕ. ಆಗ ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಗೆ ಬಂದು, ಮುಲುಂಡ್, ಭಾಂಡುಪ್, ವಿಕ್ರೋಲಿ, ಘಾಟ್‌ಕೋಪರ್, ಕುರ್ಲಾ, ಸಯನ್ ಎಂದು ನಿಲ್ಲುತ್ತ ಬರುತ್ತವೆ. ಪ್ರಕಟಣೆಯಲ್ಲಿ "ಹದಿನೈದು ನಿಮಿಷ ತಡ" ಎಂದಿರುತ್ತದೆ, ಅರ್ಧ ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಡೊಂಬಿವಲಿಯಿಂದ ಬರುವವರು ಸಾಮಾನ್ಯವಾಗಿ ಮಾಡುವ ತಪ್ಪು, ಬ್ಲಾಕ್ ಇದೆಯೆಂದು ಫಾಸ್ಟ್ ಬಿಟ್ಟು ಸ್ಲೋ ಗಾಡಿಗೆ ಕಾಯುವುದು. ಸ್ಲೋ ಥಾಣೆಯ ತನಕವೂ ಎಲ್ಲ ಕಡೆ ನಿಲ್ಲುತ್ತದೆ, ಆಮೇಲೆ ಅದೇ ಹಳಿಯಲ್ಲಿ ಫಾಸ್ಟ್‌ನ ಬೆನ್ನಿಗೆ ಕಾಯುತ್ತದೆ. ಫಾಸ್ಟ್ ಹಿಡಿದರೆ ಬೇರೆ ದಿನ ತಿರುಗಿಯೂ ನೋಡದ ಸಯನ್‌ನಲ್ಲಿ ಅಂದು ಗಾಡಿ ನಿಲ್ಲುತ್ತದೆ. ಸಯನ್‌ನವರಿಗೆ ಮೆಗಾಬ್ಲಾಕ್ ಎಂದರೆ ವಾರದ ಜಾತ್ರೆ. ಅಲ್ಲಿಳಿದು ಒಂದೇ ಸ್ಟೇಷನ್ ಸ್ಲೋ ಗಾಡಿಯಲ್ಲಿ ಮಾಟುಂಗಕ್ಕೆ ಬರಬಹುದು, ಅಥವಾ ಪೂರ್ವಕ್ಕೆ ಇಳಿದು ಕಿಂಗ್ಸ್ ಸರ್ಕಲ್ ಕಡೆ ನಡೆದೇ ಬಿಡಬಹುದು, ಚೆಂಡೆ ಶುರುವಾಗುವುದರೊಳಗೆ ಒಂದು ಕಾಪಿಗೂ ಪುರಸತ್ತು ಸಿಗುತ್ತದೆ. ನಡೆಯುವ ಮೊದಲು ತಿಥಿ ಒಂದು ನೋಡಿಕೊಳ್ಳಿ. ಅಮಾಸೆಯ ಮರುದಿನವಾಗಿದ್ದು ಮಳೆಯೂ ಹಿಡಿದಿದ್ದರೆ ಗಾಂಧಿ ಮಾರ್ಕೆಟ್ ದಾಟುವ ಹೊತ್ತಿಗೆ ಸರಿಯಾಗಿ ಒಂದು ಗಂಟೆಯಾಗಿರುತ್ತದೆ.